ಥೈಲೇರಿಯಾ ಅವರಿಗೆ ಕವಲಂದೆಯಿಂದ ಒಂದು ಬಹಿರಂಗ ಪತ್ರ

ಗೆ,
ಶ್ರೀಯುತ ಥೈಲೇರಿಯಾ ಆನ್ಯುಲೇಟಾ ಅವರು,
ಕಾಯಂ ಬಿಡಾರ: ಉಣ್ಣೆ ಹುಳುವಿನ ಜೊಲ್ಲುಗ್ರಂಥಿ,
ಹಾಲಿ ಬಿಡಾರ: ನಮ್ಮ ಸೀಮೆಹಸುವಿನ ಬಿಳಿ ರಕ್ತಕಣ,
ಕವಲಂದೆ, ನಂಜನಗೂಡು ತಾಲ್ಲೂಕು.

ವಿಷಯ: ತಾವು ನಮ್ಮ ಹಸುವಿನ ಆಡಳಿತವನ್ನು ಹೇಳದೆ ಕೇಳದೆ ವಹಿಸಿಕೊಂಡಿರುವ ಬಗ್ಗೆ.

ಮಾನ್ಯರೆ,

ಮೊದಲು ಅಭಿನಂದನೆ. ನಮ್ಮ ಕೊಟ್ಟಿಗೆಗೆ ಬಂದು ಹೋಗುವವರಲ್ಲಿ ನಿಮ್ಮಷ್ಟು ಸದ್ದಿಲ್ಲದೆ ಕೆಲಸ ಮುಗಿಸಿದವರನ್ನು ನಾನು ಕಂಡಿಲ್ಲ. ಹಿಂಡಿ ಅಂಗಡಿಯವರು ಬಾಕಿ ಕೇಳಲು ಬಂದರೆ ಬೀದಿಗೆಲ್ಲ ಕೇಳಿಸುತ್ತದೆ. ಸೊಳ್ಳೆಯಾದರೂ ಕಚ್ಚುವ ಮುಂಚೆ ಕಿವಿಯ ಹತ್ತಿರ ಬಂದು ಒಂದು ಮಾತು ಹೇಳುತ್ತದೆ. ನೀವು ಬಂದದ್ದು ನಮಗೆ ತಿಳಿದದ್ದು ನಮ್ಮ ಹಸು ಗೌರಿಯ ಹಾಲು ಹೊತ್ತಿಗೆ ಎಂಟು ಲೀಟರಿನಿಂದ ಎರಡಕ್ಕೆ ಇಳಿದಾಗ. ಮೈ 105 ಡಿಗ್ರಿ ಸುಡುತ್ತಿತ್ತು, ಕಣ್ಣಲ್ಲಿ ನೀರು, ಹೆಗಲ ಮುಂದೆ ಮಾವಿನಕಾಯಿ ಗಾತ್ರದ ಗಂಟು. ಒಬ್ಬರು ಬಂದು ಗಂಟನ್ನು ಮುಟ್ಟಿಯೂ ನೋಡದೆ ಮೂರು ದಿನ ಯಾವುದೋ ಸೂಜಿ ಚುಚ್ಚಿದರು. ಆ ಮೂರು ದಿನವನ್ನು ನೀವು ವ್ಯರ್ಥ ಮಾಡಲಿಲ್ಲ. ನಾಲ್ಕನೆಯ ದಿನ ಬಂದ ದನದ ಡಾಕ್ಟ್ರು ಗಂಟಿನಿಂದ ಒಂದು ತೊಟ್ಟು ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನಿಮ್ಮನ್ನು ತೋರಿಸಿದರು. ಬಿಳಿ ರಕ್ತಕಣದ ಒಳಗೆ ನೀಲಿ ಚುಕ್ಕೆಗಳ ಗುಂಪು. ನೋಡಲು ಚೆಂದವಾಗಿಯೇ ಇದ್ದಿರಿ.

ನಿಮ್ಮ ವಂಶವನ್ನೂ ವಿಚಾರಿಸಿದೆ. ಮಲೇರಿಯಾದ ಪರೋಪಜೀವಿ ನಿಮಗೆ ದಾಯಾದಿ. ನಿಮ್ಮನ್ನು 1904ರಲ್ಲಿ ಕಾಕಸಸ್ ಸೀಮೆಯ ದನಗಳಲ್ಲಿ ಗುರುತಿಸಿದರು. ಮನೆತನದ ಹೆಸರು ಬಂದದ್ದು ದಕ್ಷಿಣ ಆಫ್ರಿಕದಲ್ಲಿ ದುಡಿದ ಪಶುವೈದ್ಯ ಆರ್ನಾಲ್ಡ್ ಥೈಲರ್ ಅವರಿಂದ. 2005ರಲ್ಲಿ ನಿಮ್ಮ ಜೀನುಗಳನ್ನು ಎಣಿಸಿದಾಗ ಸಿಕ್ಕಿದ್ದು ಸುಮಾರು 3,800. ಹಸುವಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು. ಇಷ್ಟು ಕಡಿಮೆ ಸಿಬ್ಬಂದಿಯಲ್ಲಿ ಅಷ್ಟು ದೊಡ್ಡ ಕಚೇರಿಯನ್ನು ನಡೆಸುತ್ತಿರುವ ನಿಮ್ಮನ್ನು ನಮ್ಮ ತಾಲ್ಲೂಕು ಕಚೇರಿಯವರು ಕರೆದು ಒಂದು ತರಬೇತಿ ಕೊಡಿಸಿಕೊಳ್ಳಬೇಕಿತ್ತು.

ನನ್ನ ಬೆರಗೆಲ್ಲ ಇರುವುದು ನಿಮ್ಮ ಆಡಳಿತ ವಿಧಾನದಲ್ಲೇ. ಬೇರೆ ಎಷ್ಟೋ ಕ್ರಿಮಿಗಳು ಜೀವಕೋಶಕ್ಕೆ ನುಗ್ಗಿ, ಉಂಡು, ಒಡೆದು ಹೋಗುತ್ತವೆ. ನೀವು ಒಳಗೆ ಹೋದ ಕೂಡಲೇ ಸುತ್ತಿಕೊಂಡ ಪೊರೆಯನ್ನು ಕರಗಿಸಿ, ಮನೆಯ ನಡುಮನೆಯಲ್ಲೇ ಚಾಪೆ ಹಾಸುತ್ತೀರಿ. ಆಮೇಲೆ ಕೋಶವನ್ನು ಕೊಲ್ಲುವುದಿಲ್ಲ, ಬೆಳೆಸುತ್ತೀರಿ. ಅದು ಎರಡಾಗುವಾಗ ವರ್ಣತಂತುಗಳನ್ನು ಎಳೆಯುವ ದಾರಕ್ಕೆ ನಿಮ್ಮನ್ನೇ ಕಟ್ಟಿಕೊಳ್ಳುತ್ತೀರಿ. ಕೋಶ ಸೀಳಿದಾಗ ನೀವೂ ಸೀಳಿ ಎರಡೂ ಮನೆಗೆ ಪಾಲಾಗುತ್ತೀರಿ. ಅಣ್ಣತಮ್ಮಂದಿರ ಪಾಲುಪಟ್ಟಿ ನ್ಯಾಯಾಲಯಕ್ಕೆ ಹೋಗದೆ ಮುಗಿದದ್ದನ್ನು ನಾನು ನೋಡಿದ್ದು ಇದೊಂದೇ.

ಇಷ್ಟಕ್ಕೆಲ್ಲ ನೀವು ಹೂಡಿದ ಬಂಡವಾಳ ತೀರ ಸಣ್ಣದು. ಅದರಲ್ಲಿ ಒಂದು ಕಿಣ್ವದ ಹೆಸರು ಟಿಎ-ಪಿನ್1. ಟಿ.ಎ. ಅಂದರೆ ಪ್ರಯಾಣ ಭತ್ಯೆ, ಪಿನ್ ಅಂದರೆ ಅಂಚೆಯ ಸಂಖ್ಯೆ ಎಂದು ತಿಳಿದಿದ್ದ ನನಗೆ ಇದು ಅರ್ಥವಾಗಲು ಹೊತ್ತು ಹಿಡಿಯಿತು. ಪ್ರೋಟೀನು ಎಂದರೆ ಅಮೈನೋ ಆಮ್ಲಗಳನ್ನು ಮಲ್ಲಿಗೆ ದಂಡೆಯಂತೆ ಕಟ್ಟಿದ ಸರ. ಅದರಲ್ಲಿ ಪ್ರೋಲಿನ್ ಎಂಬ ಹೂವು ಸೆಟೆದ ಜಾತಿ. ಅದಿರುವಲ್ಲಿ ದಂಡೆ ಈ ಕಡೆಗೋ ಆ ಕಡೆಗೋ ಎರಡೇ ರೀತಿ ಬಾಗುತ್ತದೆ, ತಾನಾಗಿ ತಿರುಗಲು ಬಹಳ ಸೋಮಾರಿ. ಕೈನೇಸ್ ಎಂಬ ಕಿಣ್ವಗಳು ಅದರ ಪಕ್ಕದ ಹೂವಿಗೆ ಫಾಸ್ಫೇಟಿನ ಬೊಟ್ಟು ಇಟ್ಟಿದ್ದರೆ, ಪಿನ್1 ಅಲ್ಲಿಗೇ ಬಂದು ಥಟ್ಟನೆ ತಿರುಗಿಸುತ್ತದೆ. ಏನನ್ನೂ ಕತ್ತರಿಸುವುದಿಲ್ಲ, ಏನನ್ನೂ ಸೇರಿಸುವುದಿಲ್ಲ. ಆದರೆ ದಂಡೆಯ ಆಕಾರ ಬದಲಾದರೆ ಅದರ ಕೆಲಸವೂ ಬದಲಾಯಿತು. ಹಸುವಿನ ಕೋಶಕ್ಕೂ ಸ್ವಂತ ಪಿನ್1 ಉಂಟು. ನೀವು ನಿಮ್ಮದನ್ನು ತಯಾರಿಸಿ ಹೊರಬಿಟ್ಟರೆ ಅದು ಮನೆಯವರಂತೆಯೇ ಓಡಾಡಿಕೊಂಡಿರುತ್ತದೆ.

ಓಡಾಡಿ ಮಾಡುವುದೇನು? ಸಿ-ಜುನ್ ಎಂಬ ಪ್ರೋಟೀನು ‘ಕೋಶ ಎರಡಾಗಲಿ’ ಎಂಬ ಆದೇಶದ ಕಡತವಿದ್ದಂತೆ. ಕೆಲಸ ಮುಗಿದ ಮೇಲೆ ಅದಕ್ಕೆ ಚೀಟಿ ಅಂಟಿಸಿ ಚಿಂದಿಗೆ ಕಳಿಸುವ ವಿಲೇವಾರಿ ಗುಮಾಸ್ತ ಎಫ್‌ಬಿಡಬ್ಲ್ಯು7. ನಿಮ್ಮ ಪಿನ್1 ಈ ಗುಮಾಸ್ತನನ್ನು ಹಿಡಿದು, ಅವನೇ ಚಿಂದಿಗೆ ಹೋಗುವಂತೆ ಮಾಡುತ್ತದೆ. ಇನ್ನು ಕಡತ ಮೇಜಿನ ಮೇಲೇ ಉಳಿಯಿತು. ಕೋಶ ದಿನವೂ ಅದೇ ಆದೇಶ ಓದುತ್ತದೆ, ದಿನವೂ ಎರಡಾಗುತ್ತದೆ. ಗೌರಿಯ ಹೆಗಲ ಗಂಟು ಉಬ್ಬಿದ್ದು ಹೀಗೆ. ಪ್ಯಾರಿಸ್ಸಿನ ವಿಜ್ಞಾನಿಗಳ ತಂಡ 2015ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನಿಮ್ಮ ಈ ಗುಟ್ಟು ಬಯಲು ಮಾಡಿತು. ಅವರಿಗೆ ನಿಮ್ಮ ಮೇಲೆ ಪ್ರೀತಿ ಇರಲು ಕಾರಣವಿದೆ. ನೀವು ಹಿಡಿದ ಕೋಶ ಕ್ಯಾನ್ಸರ್ ಕೋಶದಂತೆಯೇ ಲಂಗುಲಗಾಮಿಲ್ಲದೆ ಬೆಳೆಯುತ್ತದೆ, ಆದರೆ ಔಷಧ ಹಾಕಿ ನಿಮ್ಮನ್ನು ಕೊಂದರೆ ಆ ಬೆಳವಣಿಗೆಯೂ ನಿಲ್ಲುತ್ತದೆ. ಕ್ಯಾನ್ಸರಿಗೆ ಹೋಗುವ ದಾರಿ ಗೊತ್ತು, ವಾಪಸು ಬರುವ ದಾರಿ ತೋರಿಸುವವರು ಅಪರೂಪ. ಹಸುವಿನ ಸಾವಿನಿಂದ ಮನುಷ್ಯನಿಗೆ ಪಾಠ ಹೇಳುವ ಮೇಷ್ಟರು ನೀವು. ಫೀಸು ಮಾತ್ರ ಹಾಲು ಕರೆಯುವವನು ಕಟ್ಟಬೇಕು.

ಔಷಧದ ಹೆಸರು ಬುಪಾರ್ವಕ್ವೋನ್. ಮೈತೂಕದ ಕಿಲೋಗೆ 2.5 ಮಿಲಿಗ್ರಾಂ, ಗೌರಿಯಂಥ 400 ಕಿಲೋ ಹಸುವಿಗೆ 20 ಎಂ.ಎಲ್. ಕತ್ತಿನ ಮಾಂಸಕ್ಕೆ. ಅದರ ರಾಸಾಯನಿಕ ಚೌಕಟ್ಟು ಮದುವೆಮನೆಯಲ್ಲಿ ಹೆಂಗಸರ ಕೈ ಕೆಂಪಾಗಿಸುವ ಗೋರಂಟಿಯ ಬಣ್ಣದ್ದೇ ಎಂದು ತಿಳಿದು ನನ್ನಾಕೆ ಬಹಳ ಖುಷಿಪಟ್ಟಳು. (ಓದುಗರೇ, ದಯವಿಟ್ಟು ಹಸುವಿಗೆ ಗೋರಂಟಿ ಅರೆದು ಹಚ್ಚಬೇಡಿ. ನೆಂಟರಾದ ಮಾತ್ರಕ್ಕೆ ಕೆಲಸಕ್ಕೆ ಬರುವುದಿಲ್ಲ.) ನಂಜನ್ನು ಉಂಡು ಅರಗಿಸಿಕೊಳ್ಳುವ ವಿದ್ಯೆ ಕಪಿಲಾ ದಂಡೆಯ ನಮ್ಮ ನಂಜುಂಡನಿಗೆ ಮಾತ್ರ ಎಂದು ನಂಬಿದ್ದೆ. ಟ್ಯುನಿಷಿಯಾದಲ್ಲಿ ನಿಮ್ಮವರು ಈ ಮದ್ದನ್ನೂ ಅರಗಿಸಿಕೊಂಡಿದ್ದಾರಂತೆ. ಪಿನ್1ರಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾಗಿತ್ತು, ಮತ್ತು ಆ ಜಾಗಕ್ಕೆ ಬಂದು ಕೂತದ್ದು ಅದೇ ಪ್ರೋಲಿನ್! ಸೈಟೋಕ್ರೋಮ್ ಬಿ ಎಂಬ ಇನ್ನೊಂದು ಪ್ರೋಟೀನಿನಲ್ಲೂ ಇಂಥದೇ ತಿದ್ದುಪಡಿಗಳು ಸಿಕ್ಕಿವೆ. ನಂಜುಂಡ ಎಂಬ ಹೆಸರಿಗೆ ನೀವು ಅರ್ಜಿ ಹಾಕುವುದೊಂದೇ ಬಾಕಿ. ದುಡ್ಡು ಉಳಿಯಲೆಂದು 20 ಎಂ.ಎಲ್. ಬದಲು ಹತ್ತಕ್ಕೇ ಮುಗಿಸುವ ನಮ್ಮವರು ಆ ಅರ್ಜಿಗೆ ಶಿಫಾರಸು ಪತ್ರ ಬರೆಯುತ್ತಿದ್ದಾರೆ.

ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ನಾಟಿ ಹಸು ನಿಮ್ಮ ಜೊತೆ ತಲೆತಲಾಂತರದಿಂದ ಹೇಗೋ ಹೊಂದಿಕೊಂಡಿತ್ತು. ಹೆಚ್ಚಿನವು ಎರಡು ದಿನ ಮಂಕಾಗಿ ಮತ್ತೆ ಎದ್ದು ನಿಲ್ಲುತ್ತವೆ. ಹಾಲು ಬೇಕೆಂದು ನಿಮ್ಮ ಮುಖವನ್ನೇ ಕಾಣದ ಸೀಮೆಹಸುವನ್ನು ತಂದು ಕಟ್ಟಿದವರು ನಾವು. ಲಸಿಕೆ ಇತ್ತು, ರಕ್ಷಾವ್ಯಾಕ್-ಟಿ ಎಂದು. ಅದನ್ನು ದ್ರವ ಸಾರಜನಕದಲ್ಲಿ ಇಟ್ಟು ತರಬೇಕು. ನಾನು ವಿಚಾರಿಸಿದ್ದು ಗೌರಿ ಮಲಗಿದ ಮೇಲೆ. ನಿಮ್ಮ ಸಾರಿಗೆಯ ಏರ್ಪಾಡೂ ನಮ್ಮದೇ. ನಿಮ್ಮನ್ನು ಹೊರುವ ಹಯಲೋಮ ಉಣ್ಣೆಗೆ ಕೊಟ್ಟಿಗೆ ಗೋಡೆಯ ಬಿರುಕೆಂದರೆ ಪ್ರಾಣ. ಮರಿ ಉಣ್ಣೆ ರೋಗದ ಹಸುವಿನ ರಕ್ತ ಕುಡಿದು, ಉದುರಿ, ಬಿರುಕಿಗೆ ಸೇರಿ, ಪೊರೆ ಕಳಚಿ ದೊಡ್ಡದಾಗಿ ಇನ್ನೊಂದು ಹಸುವಿಗೆ ಹತ್ತುತ್ತದೆ. ಒಳಗೆ ನೀವು ಟಿಕೆಟ್ಟಿಲ್ಲದೆ ಕೂತಿರುತ್ತೀರಿ. ಒಂದು ಸಮಾಧಾನ: ಉಣ್ಣೆಯ ಮೊಟ್ಟೆಗೆ ನೀವು ಇಳಿಯುವುದಿಲ್ಲ. ಆಸ್ತಿ ಮಕ್ಕಳಿಗೆ ಹೋಗದ ವಂಶ ನಿಮ್ಮದು. ಅಂದಮೇಲೆ ಬಿರುಕೊಂದನ್ನು ಮುಚ್ಚಿದರೆ ನಿಮ್ಮ ಬಸ್‌ಸ್ಟಾಂಡು ಮುಚ್ಚಿದ ಹಾಗೆ. ಇದೊಂದನ್ನೂ ವಿಚಾರಿಸದೆ ಹತ್ತು ವರ್ಷ ನಾನು ಆ ಗೋಡೆಗೆ ಕ್ಯಾಲೆಂಡರು ನೇತುಹಾಕಿ ಬಿರುಕು ಮರೆಮಾಡಿದ್ದೆ.

ಗೌರಿ ಬದುಕಿದಳು. ಹೊತ್ತಿಗೆ ಐದು ಲೀಟರಿಗೆ ಬಂದು ನಿಂತಿದ್ದಾಳೆ.

ಪಕ್ಕದ ಮನೆಯವರಿಗೂ ಈ ಪತ್ರದ ಪ್ರತಿ ಕೊಟ್ಟಿದ್ದೇನೆ. ಹೆಗಲ ಮುಂದೆ ಗಂಟು ಕಂಡರೆ ಸೂಜಿಗಿಂತ ಮೊದಲು ಗಾಜಿನ ಪರೀಕ್ಷೆ ಮಾಡಿಸಿ, ಮದ್ದು ಹಾಕಿಸುವುದಾದರೆ ಪೂರ್ತಿ ಹಾಕಿಸಿ ಎಂದು ಕೆಳಗೆ ಬರೆದಿದ್ದೇನೆ. ನಿಮಗೆ ತಿಳಿಸಬೇಕಾದದ್ದು ಇಷ್ಟೇ: ತಮ್ಮ ವಾಹನ ನಿಲ್ಲುವ ತಾಣ, ಕೊಟ್ಟಿಗೆಯ ಮೂಡಲ ಗೋಡೆ, ನೆಲದಿಂದ ಎರಡು ಗೇಣು ಮೇಲೆ. ಸೋಮವಾರ ಬೆಳಿಗ್ಗೆ ಗಾರೆಯವರು ಬರುತ್ತಾರೆ.

ಇಂತಿ,
ಕವಲಂದೆಯ ಒಬ್ಬ ಹಾಲು ಹಾಕುವವನು