ಕಾಯಂ ಸಭಿಕರು

ಸಾರ್ವಜನಿಕ ಗ್ರಂಥಾಲಯದಲ್ಲಿ ನಡೆಯುವ ಜಯಂತಿ, ಸಪ್ತಾಹ, ಕವಿಗೋಷ್ಠಿ, ಪುಸ್ತಕ ಬಿಡುಗಡೆ, ವಚನ ಗಾಯನಗಳಿಗೆಲ್ಲ ಆಮಂತ್ರಣ ಬಂದರೂ ಬರದಿದ್ದರೂ ಹಾಜರಿರುವ ಹಿರಿಯರೇ ಕಾಯಂ ಸಭಿಕರು. ಬೀದರಿನ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋದರೂ ಭಾಲ್ಕಿ, ಔರಾದ್‌ಗಳ ಶಾಖೆಗಳಿಗೆ ಹೋದರೂ ಇಂಥವರು ನಾಲ್ಕಾರು ಮಂದಿಯಾದರೂ ಸಿಗುತ್ತಾರೆ. ಪ್ರಾಯ ಅರುವತ್ತು ದಾಟಿರುತ್ತದೆ. ಹೆಚ್ಚಿನವರು ನಿವೃತ್ತ ಮಾಸ್ತರರು. ತಹಶೀಲ್ ಕಚೇರಿಯ ಗುಮಾಸ್ತರು, ಬಸ್ ಡಿಪೋದ ಕಂಟ್ರೋಲರುಗಳು, ಸೊಸೈಟಿಯ ಲೆಕ್ಕ ಬರೆದವರೂ ಇದ್ದಾರೆ. ಹೆಗಲಲ್ಲಿ ಬಟ್ಟೆಯ ಚೀಲ. ಚೀಲದಲ್ಲಿ ಕಳೆದ ಕಾರ್ಯಕ್ರಮಗಳ ಆಮಂತ್ರಣ ಪತ್ರಿಕೆಗಳು, ಬಿ.ಪಿ. ಗುಳಿಗೆ, ಮುಚ್ಚಳ ಕಳೆದ ಪೆನ್ನು. ಪೆನ್ನು ಬರೆಯುವುದಕ್ಕಲ್ಲ, ಭಾಷಣಕಾರರು ತಪ್ಪು ಇಸವಿ ಹೇಳಿದಾಗ ಮೇಲೆತ್ತುವುದಕ್ಕೆ.

ಇವರ ಹುಟ್ಟಿಗೆ ಕಾರಣ ಗ್ರಂಥಾಲಯಗಳ ಕಟ್ಟಡದಲ್ಲೇ ಇದೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದದ್ದು 1965ರಲ್ಲಿ. ಆ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಈ ಹಣದಲ್ಲಿ ಪುಸ್ತಕ, ಪತ್ರಿಕೆ, ಕಪಾಟು ಬರುತ್ತವೆ. ಆದರೆ ತಾಲ್ಲೂಕಿನ ಶಾಖೆಗೆ ಪ್ರತ್ಯೇಕ ಸಭಾಭವನ ಎಲ್ಲಿಂದ ಬರಬೇಕು? ಹಾಗಾಗಿ ಕಾರ್ಯಕ್ರಮವೆಂದರೆ ದಿನಪತ್ರಿಕೆ ಓದುವ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿ, ಕಿಟಕಿಗೆ ಅಡ್ಡಲಾಗಿ ಬ್ಯಾನರ್ ಕಟ್ಟುವುದು. ಆ ಹೊತ್ತಿಗೆ ಅಲ್ಲಿ ಪತ್ರಿಕೆ ಓದುತ್ತ ಕುಳಿತವರನ್ನು ಎಬ್ಬಿಸುವುದು ಕಷ್ಟ. ‘ಸರ, ಇಲ್ಲಿ ಕಾರ್ಯಕ್ರಮ ಚಾಲೂ ಆಗ್ಲತ್ತದ’ ಎಂದರೆ, ‘ಆಗ್ಲಿ ಬಿಡ್ರಿ, ನಾ ಎಲ್ಲಿ ಬ್ಯಾಡಂದೀನಿ?’ ಎಂಬ ಉತ್ತರ ಬರುತ್ತದೆ. ಕೊನೆಗೆ ಅವರ ಕುರ್ಚಿಯನ್ನೇ ವೇದಿಕೆಯ ಕಡೆ ತಿರುಗಿಸಲಾಗುತ್ತದೆ. ಓದುಗರು ಸಭಿಕರಾಗುವುದು ಹೀಗೆ. ಎದ್ದು ಹೋಗಬಾರದೇ ಎಂದು ಕೇಳಿದವರಿಗೆ ಮನೆಯ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಕರದ ಸಾಲನ್ನು ತೋರಿಸುವವರೂ ಉಂಟು.

ಇವರ ವರ್ಷ ಯುಗಾದಿಗೆ ಮೊದಲಾಗುವುದಿಲ್ಲ. ಆಗಸ್ಟ್ 12ಕ್ಕೆ, ಅಂದರೆ ಎಸ್.ಆರ್. ರಂಗನಾಥನ್ ಅವರ ಜನ್ಮದಿನದ ಗ್ರಂಥಪಾಲಕರ ದಿನಾಚರಣೆಗೆ ಮೊದಲಾಗುತ್ತದೆ. ಸೆಪ್ಟೆಂಬರ್ 17 ಬಂದರೆ ಕಲ್ಯಾಣ ಕರ್ನಾಟಕ ಉತ್ಸವ. 1948ರ ಅದೇ ದಿನ ನಿಜಾಮನ ಆಳ್ವಿಕೆ ಕೊನೆಗೊಂಡಿತ್ತು. ನವೆಂಬರ್ ಸುಗ್ಗಿಯ ತಿಂಗಳು: 1ಕ್ಕೆ ರಾಜ್ಯೋತ್ಸವ, 14ರಿಂದ 20ರವರೆಗೆ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹ. ಸಪ್ತಾಹದ ಏಳು ದಿನವೂ ಬಂದು ಕೂರುವವರು ಇಬ್ಬರೇ: ಒಬ್ಬರು ಗ್ರಂಥಪಾಲಕರು, ಇನ್ನೊಬ್ಬರು ಕಾಯಂ ಸಭಿಕರು. ಮೊದಲನೆಯವರಿಗೆ ಸಂಬಳವಿದೆ. ಡಿಸೆಂಬರ್ 22 ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರ ಜನ್ಮದಿನ. ಬೇಸಿಗೆಯಲ್ಲಿ ಬಸವ ಜಯಂತಿ. ಅದಾದ ಮೇಲೆ ಬಿಸಿಲು ಏರಿ, ಫ್ಯಾನಿನ ಕೆಳಗಿನ ಕುರ್ಚಿ ಯಾರದೆಂಬ ಚರ್ಚೆಯಲ್ಲೇ ಮೇ ತಿಂಗಳು ಕಳೆಯುತ್ತದೆ.

ಹತ್ತೂವರೆಗೆಂದು ಅಚ್ಚಾದ ಕಾರ್ಯಕ್ರಮ ಹತ್ತೂವರೆಗೆ ಆರಂಭವಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಕಾಯಂ ಸಭಿಕರು ಮಾತ್ರ ಹತ್ತಕ್ಕೇ ಇರುತ್ತಾರೆ, ಏಕೆಂದರೆ ಅವರು ಒಂಬತ್ತಕ್ಕೆ ಪತ್ರಿಕೆಗೆಂದು ಬಂದವರು. ಮೈಕು ಪರೀಕ್ಷಿಸುವ ಹುಡುಗ ‘ಹಲೋ, ಹಲೋ’ ಎಂದಾಗ ‘ಕೇಳ್ಸ್ತದಪಾ’ ಎಂದು ಕೈ ಎತ್ತುವವರು ಇವರೇ. ಮೊದಲ ಸಾಲನ್ನು ಗಣ್ಯರಿಗೆ ಬಿಟ್ಟು ಎರಡನೆಯ ಸಾಲಿನ ಮೊದಲ ಕುರ್ಚಿ ಹಿಡಿಯುತ್ತಾರೆ. ಗಣ್ಯರು ಬರದಿದ್ದಾಗ ಸಂಘಟಕರೇ ಬಂದು ಮುಂದಕ್ಕೆ ಕರೆಯುತ್ತಾರೆಂಬ ಅನುಭವ ಅವರಿಗಿದೆ. ಎರಡು ಸಲ ಬೇಡವೆಂದು ಮೂರನೆಯ ಸಲ ಹೋಗುತ್ತಾರೆ.

ಮುಂದಿನದೆಲ್ಲ ಅವರಿಗೆ ಬಾಯಿಪಾಠ. ನಾಡಗೀತೆಗೆ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ತಡವಾಗಿ ಕೂರುತ್ತಾರೆ. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಿ ಮುಗಿಸಬೇಕೆಂದು 2022ರಲ್ಲಿ ಸರ್ಕಾರದ ಆದೇಶವಾದ ಮೇಲೆ ಕೈಗಡಿಯಾರ ನೋಡುವ ಕೆಲಸವೂ ಇವರಿಗೆ ಬಿದ್ದಿದೆ. ಸ್ವಾಗತ, ಸಸಿಗೆ ನೀರೆರೆಯುವುದು, ಪ್ರಾಸ್ತಾವಿಕ, ಉದ್ಘಾಟನಾ ನುಡಿ, ವಿಶೇಷ ಉಪನ್ಯಾಸ, ಸನ್ಮಾನ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ, ಇಷ್ಟರಲ್ಲಿ ಯಾವುದಾದರೂ ಒಂದು ತಪ್ಪಿದರೆ ಮೊದಲು ಗಮನಿಸುವವರೂ ಇವರೇ. ‘ಎರಡೇ ಮಾತು’ ಎಂದು ಎದ್ದವರು ಇಪ್ಪತ್ತು ನಿಮಿಷ, ‘ಸಮಯದ ಅಭಾವವಿದೆ’ ಎಂದವರು ನಲವತ್ತು ನಿಮಿಷ ತೆಗೆದುಕೊಳ್ಳುತ್ತಾರೆ ಎಂಬ ಸೂತ್ರ ಇವರ ಅನುಭವದಿಂದ ಬಂದದ್ದು. ಓದುಗನ ಸಮಯ ಉಳಿಸಬೇಕೆಂಬುದು ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳಲ್ಲಿ ನಾಲ್ಕನೆಯದು. ಪ್ರತಿ ಆಗಸ್ಟಿನಲ್ಲಿ ಅದನ್ನು ವಿವರಿಸುವುದಕ್ಕೆ ಒಂದು ಗಂಟೆ ಬೇಕಾಗುತ್ತದೆ.

ಉಪನ್ಯಾಸದ ವೇಳೆ ಕಾಯಂ ಸಭಿಕರ ಕಣ್ಣು ಮುಚ್ಚಿರುತ್ತದೆ. ಇದನ್ನು ನಿದ್ದೆ ಎನ್ನಲಾಗದು. ಈ ಜಿಲ್ಲೆಯಲ್ಲಿ ಪುಸ್ತಕ ಸಂಸ್ಕೃತಿಯ ಬಗ್ಗೆ ಮಾತಾಡುವವರಿಗೆ ನಡೆಯಲು ಒಂದು ಸವೆದ ದಾರಿಯಿದೆ, ಅದರ ಮೈಲುಗಲ್ಲುಗಳು ಇವರಿಗೆ ಚೆನ್ನಾಗಿ ಗೊತ್ತು. ಮೊದಲು ಹನ್ನೆರಡನೆಯ ಶತಮಾನ, ಬಸವಕಲ್ಯಾಣ, ಅನುಭವ ಮಂಟಪ. ಅಲ್ಲಿಂದ 1472ಕ್ಕೆ ಜಿಗಿತ: ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, ಅದರ ಗ್ರಂಥಾಲಯದಲ್ಲಿ ಇದ್ದವೆನ್ನುವ 3000 ಹಸ್ತಪ್ರತಿಗಳು. ಆಮೇಲೆ ನಿಜಾಮನ ಕಾಲ. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರು. ಆಮೇಲೆ 1948, ಆಮೇಲೆ ಏಕೀಕರಣದ 1956. ಕಣ್ಣು ಮುಚ್ಚಿದ್ದರೂ ಪ್ರತಿ ಕಲ್ಲು ದಾಟಿದಾಗ ತಲೆ ಒಮ್ಮೆ ಅಲ್ಲಾಡುತ್ತದೆ. ಗವಾನನ ಮದರಸಾ ಬಂದರೆ ಅರ್ಧ ದಾರಿ ಮುಗಿಯಿತು. ಉರ್ದು ಫಲಕ ಬಂದರೆ ಚಹಾ ಕಾಯಿಸಲು ಹೇಳಬಹುದು. 1472ರ ಬದಲು 1572 ಎಂದುಬಿಟ್ಟರೆ ಆ ಕ್ಷಣವೇ ಕಣ್ಣು ತೆರೆದು ಪೆನ್ನು ಮೇಲೇಳುತ್ತದೆ. ದೂರದಿಂದ ಬಂದ ವಿದ್ವಾಂಸರು ಇದರಿಂದ ಗಲಿಬಿಲಿಗೊಂಡದ್ದುಂಟು. ಸ್ಥಳೀಯರು ಅತ್ತ ನೋಡದೆಯೇ ತಿದ್ದಿಕೊಂಡು ಮುಂದೆ ಹೋಗುತ್ತಾರೆ.

ಭಾಷಣಕ್ಕಿಂತ ಕಲಾಪ್ರದರ್ಶನಗಳಲ್ಲಿ ಇವರ ಸಾಮರ್ಥ್ಯ ಹೆಚ್ಚು ಕಾಣುತ್ತದೆ. ಇಲ್ಲಿಯವರ ಕಿವಿಗೆ ಕನ್ನಡ, ಮರಾಠಿ, ಉರ್ದು ಮೂರೂ ಮನೆಯ ಮಾತು. ಅಪ್ಪ ಉರ್ದು ಶಾಲೆಯಲ್ಲಿ ಓದಿದವರು, ತಾವು ಕನ್ನಡದಲ್ಲಿ, ಅಂಗಡಿಯ ಉದ್ರಿ ಲೆಕ್ಕ ಮಾತ್ರ ಮರಾಠಿಯಲ್ಲಿ; ಹೀಗೆ ಬೆಳೆದವರು. ಆದ್ದರಿಂದ ಮುಶಾಯಿರಾದಲ್ಲಿ ಕವಿ ಎರಡನೆಯ ಸಾಲು ಹೇಳುವ ಮೊದಲೇ ‘ವಾಹ್’ ಎನ್ನಬಲ್ಲರು, ಅಭಂಗಕ್ಕೆ ತಾಳ ಹಾಕಬಲ್ಲರು, ವಚನ ಗಾಯಕರು ಸಾಲು ಮರೆತರೆ ಕೂತಲ್ಲಿಂದಲೇ ಎತ್ತಿಕೊಡಬಲ್ಲರು. ಬಿದ್ರಿ ಕಲೆಯ ಪ್ರಾತ್ಯಕ್ಷಿಕೆಯಲ್ಲಿ ಇವರ ಕುರ್ಚಿ ಕುಶಲಕರ್ಮಿಯ ಮೊಣಕಾಲಿಗೆ ತಾಗುವಷ್ಟು ಮುಂದೆ ಬರುತ್ತದೆ. ಸತು ಮತ್ತು ತಾಮ್ರ ಬೆರೆಸಿ ಎರಕ ಹೊಯ್ಯುವುದು, ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸುವುದು, ಕೋಟೆಯ ಮಣ್ಣಿನಿಂದ ಲೋಹವನ್ನು ಕಪ್ಪಾಗಿಸುವುದು, ಎಲ್ಲವನ್ನೂ ಹತ್ತಾರು ಸಲ ನೋಡಿದ್ದರೂ ಹೊಸದಾಗಿ ನೋಡುತ್ತಾರೆ. ‘ಕ್ವಾಟಿ ಮಣ್ಣೇ ಯಾಕ ಬೇಕ್ರಿ? ನಮ್ಮ ಹೊಲದ ಮಣ್ಣು ನಡೆಂಗಿಲ್ಲೇನು?’ ಎಂಬ ಪ್ರಶ್ನೆ ಇವರದೇ. ಉತ್ತರ ಅವರಿಗೆ ಗೊತ್ತಿದೆ. ಹಿಂದೆ ಕೂತ ಶಾಲಾ ಮಕ್ಕಳಿಗೆ ಗೊತ್ತಾಗಲೆಂದು ಕೇಳುತ್ತಾರೆ. ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದ ಮೇಲೆ, ಆ ಕಲೆಯನ್ನು ತಾವು ಮೊದಲೇ ಗುರುತಿಸಿದ್ದೆವೆಂದು ಹೇಳುವ ಕಾಯಂ ಸಭಿಕರ ಸಂಖ್ಯೆ ಏರಿದೆ.

ಮೂರು ಊರಿನವರಲ್ಲಿ ಸಣ್ಣ ವ್ಯತ್ಯಾಸಗಳಿವೆ. ಬೀದರ್ ನಗರದವರಿಗೆ ಆಯ್ಕೆಯ ತಾಪತ್ರಯ. ಗ್ರಂಥಾಲಯದಲ್ಲಿ ಕವಿಗೋಷ್ಠಿ ಇರುವ ದಿನವೇ ಚನ್ನಬಸವ ಪಟ್ಟದ್ದೇವರ ಹೆಸರಿನ ಜಿಲ್ಲಾ ರಂಗಮಂದಿರದಲ್ಲಿ ನಾಟಕವಿರುತ್ತದೆ. ಒಂದರಲ್ಲಿ ಉದ್ಘಾಟನೆಗೆ ಕೂತು ಇನ್ನೊಂದರ ವಂದನಾರ್ಪಣೆಗೆ ತಲುಪುವ ಲೆಕ್ಕ ಇವರಿಗೆ ಕರಗತ. 2006ರಲ್ಲಿ ಬೀದರಿನಲ್ಲಿ ಶಾಂತರಸರ ಅಧ್ಯಕ್ಷತೆಯಲ್ಲಿ ನಡೆದ 72ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಇವರ ಅಳತೆಗೋಲು. ಆಮೇಲಿನ ಯಾವ ಸಮಾರಂಭದ ಊಟವೂ ಅದರ ಮಟ್ಟಕ್ಕೆ ಬಂದಿಲ್ಲ.

ಭಾಲ್ಕಿಯವರು ಹೆಚ್ಚು ಶಿಸ್ತಿನವರು. ಹಿರೇಮಠ ಸಂಸ್ಥಾನದ ಕಾರ್ಯಕ್ರಮಗಳಲ್ಲಿ ಕೂತು ಪಳಗಿದವರಾದ್ದರಿಂದ ಅವರ ಬೆನ್ನು ಕುರ್ಚಿಗೆ ಒರಗುವುದು ಅಪರೂಪ. ಅಲ್ಲಿ ವಚನವೊಂದನ್ನು ಬೇರೆ ಶರಣರ ಹೆಸರಿಗೆ ಹಚ್ಚಿ ಉಲ್ಲೇಖಿಸುವುದು ಭಾಷಣಕಾರರಿಗೆ ಕ್ಷೇಮವಲ್ಲ. ಅಂಕಿತ ಯಾವುದೆಂದು ಸಭೆಯೇ ಕೇಳುತ್ತದೆ. ಭಾಲ್ಕಿಗೆ ರೈಲೂ ಇರುವುದರಿಂದ ಅತಿಥಿಗಳು ಬಾರದಿದ್ದಾಗ ನಂಬಬಹುದಾದ ಕಾರಣವೊಂದು ಸದಾ ಕೈಗೆ ಸಿಗುತ್ತದೆ.

ಔರಾದ್ ರಾಜ್ಯದ ಉತ್ತರದ ತುದಿ. ರೈಲು ಇಲ್ಲ. ಬೆಂಗಳೂರಿನಿಂದ ಅತಿಥಿಗಳು ಬರಬೇಕಾದರೆ ಸುಮಾರು 700 ಕಿಲೋಮೀಟರ್ ಬಂದು ಬೀದರ್ ಸೇರಿ, ಮತ್ತೆ ಬಸ್ಸೋ ಜೀಪೋ ಹಿಡಿಯಬೇಕು. ಆದ್ದರಿಂದ ಅಲ್ಲಿಯ ಕಾಯಂ ಸಭಿಕರು ಕಾಯುವುದರಲ್ಲಿ ನಿಪುಣರು. ಕಾಯುವ ಹೊತ್ತಿನಲ್ಲಿ ದೇವಣಿ ಹೋರಿಯ ದರ, ಅಮರೇಶ್ವರ ಜಾತ್ರೆ, ಗಡಿಯಾಚೆಯ ಬೀಗರ ಮನೆಯ ಮದುವೆ ಎಲ್ಲ ಚರ್ಚೆಯಾಗುತ್ತವೆ. ಅತಿಥಿಗಳ ಬಗ್ಗೆ ವಿಚಾರಿಸುವುದು ಕನ್ನಡದಲ್ಲಿ, ಚೇಷ್ಟೆ ಮರಾಠಿಯಲ್ಲಿ, ತಾಳ್ಮೆ ತಪ್ಪಿದಾಗಿನ ಮಾತು ದಖನಿಯಲ್ಲಿ. ಅತಿಥಿಗಳು ಬಂದ ಮೇಲೆ ಅವರ ಭಾಷಣದ ಅವಧಿಯನ್ನು ನಿರ್ಧರಿಸುವವರು ಸಂಘಟಕರಲ್ಲ, ಕೊನೆಯ ಬಸ್ಸಿನ ಕಂಡಕ್ಟರು. ಅದನ್ನು ಭಾಷಣಕಾರರ ಕಿವಿಯಲ್ಲಿ ಉಸುರುವ ಅಧಿಕಾರ ಕಾಯಂ ಸಭಿಕರದು.

ಕಾಯಂ ಸಭಿಕೆಯರು ಸಂಖ್ಯೆಯಲ್ಲಿ ಕಡಿಮೆ. ಅಕ್ಕನ ಬಳಗದ ವಚನ ಗಾಯನಕ್ಕೆಂದು ಅವರು ಬರುತ್ತಾರೆ. ಗಾಯನವನ್ನು ಸಂಘಟಕರು ಕೊನೆಗೆ ಇಟ್ಟಿರುವುದರಿಂದ ನಡುವಿನ ಎಲ್ಲ ಭಾಷಣಗಳನ್ನೂ ಕೇಳಬೇಕಾಗುತ್ತದೆ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತವಾದ ಮೇಲೆ ಹಳ್ಳಿಗಳಿಂದಲೂ ಬರುತ್ತಿದ್ದಾರೆ. ಇವರು ಅಧ್ಯಕ್ಷೀಯ ಭಾಷಣದ ನಡುವೆಯೇ ಹಾರ್ಮೋನಿಯಂ ಶ್ರುತಿ ನೋಡಿಕೊಳ್ಳುತ್ತಾರೆ. ಭಾಷಣ ಮೊಟಕುಗೊಳಿಸಲು ಇದಕ್ಕಿಂತ ಸೌಜನ್ಯದ ಉಪಾಯ ಇನ್ನೂ ಸಿಕ್ಕಿಲ್ಲ.

ಇವರಿಗೆ ಸಿಗುವ ಪ್ರತಿಫಲ ಮೂರು ಬಗೆಯದು. ಮೊದಲನೆಯದು ಅಲ್ಪೋಪಾಹಾರ: ಒಂದು ಕಪ್ ಚಹಾ, ಕಾಗದದ ತಟ್ಟೆಯಲ್ಲಿ ಸುಸಲಾ, ಅದೃಷ್ಟವಿದ್ದರೆ ಮಿರ್ಚಿ ಭಜಿ. ಇದಕ್ಕಾಗಿಯೇ ಬರುತ್ತಾರೆಂದು ಆಡಿಕೊಳ್ಳುವವರಿದ್ದಾರೆ. ಆದರೆ ತಟ್ಟೆ ಸಾಲದೆ ಬಂದಾಗ ‘ನಂದು ಆಗ್ಯದ’ ಎಂದು ಸುಳ್ಳು ಹೇಳಿ ಹಿಂದೆ ಸರಿಯುವವರು ಇವರೇ. ಎರಡನೆಯದು ಸಪ್ತಾಹದ ಕೊನೆಯ ದಿನ ‘ಉತ್ತಮ ಓದುಗ’ ಎಂದು ಹೊದಿಸುವ ಶಾಲು ಮತ್ತು ಒಂದು ಪುಸ್ತಕ. ಆ ಪುಸ್ತಕವನ್ನು ಅವರು ಅದೇ ಗ್ರಂಥಾಲಯದಿಂದ ಮೊದಲೇ ಓದಿ ಹಿಂತಿರುಗಿಸಿರುತ್ತಾರೆ. ಮೂರನೆಯದು, ಬರಬೇಕಾದ ಅತಿಥಿಗಳು ಕೈಕೊಟ್ಟಾಗ ವೇದಿಕೆಗೆ ಬರುವ ಕರೆ. ಆಗ ಅವರು ಆಡುವುದು ನಿಜವಾಗಿಯೂ ಎರಡೇ ಮಾತು. ಕೇಳುವವರ ಕಷ್ಟ ಬಲ್ಲವರು ಇದ್ದಕ್ಕಿದ್ದಂತೆ ಮಾತಿಗೆ ನಿಂತಾಗ ಸಭೆಯಲ್ಲಿ ಬೀಳುವ ಚಪ್ಪಾಳೆ ಆ ದಿನದ ದೊಡ್ಡ ಚಪ್ಪಾಳೆಯಾಗಿರುತ್ತದೆ.

ಕಾರ್ಯಕ್ರಮದ ವರದಿ ಮರುದಿನವೋ ಅದರ ಮರುದಿನವೋ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಮೊದಲು ಓದುವವರೂ ಅದೇ ಕುರ್ಚಿಯಲ್ಲಿರುತ್ತಾರೆ. ವೇದಿಕೆಯ ಮೇಲಿದ್ದವರ ಹೆಸರುಗಳು, ಆಮಂತ್ರಣದಲ್ಲಿದ್ದು ಬಾರದವರ ಹೆಸರುಗಳು, ನಿರೂಪಿಸಿದವರು, ಸ್ವಾಗತಿಸಿದವರು, ವಂದಿಸಿದವರು ಎಲ್ಲರೂ ವರದಿಯಲ್ಲಿದ್ದಾರೆ. ಬಾರದವರು ಏನು ಮಾತಾಡಿದರೆಂಬ ವಿವರವೂ ಕೆಲವೊಮ್ಮೆ ಇರುತ್ತದೆ. ಮೂರು ಗಂಟೆ ಕೂತು ಕೇಳಿದವರು ಎಲ್ಲೂ ಇಲ್ಲ. ಇದರಿಂದ ಕಾಯಂ ಸಭಿಕರಿಗೆ ಬೇಸರವಾದ ದಾಖಲೆಯಿಲ್ಲ. ಇಸವಿ ಸರಿಯಾಗಿ ಅಚ್ಚಾಗಿದೆಯೇ ಎಂದಷ್ಟೇ ನೋಡುತ್ತಾರೆ.

ಇವರ ಪ್ರತಿಸ್ಪರ್ಧಿಗಳು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಯುವಕ ಯುವತಿಯರು. ಬಾಗಿಲು ತೆರೆಯುವ ಮೊದಲೇ ಸಾಲು ನಿಂತು, ಒಳಗೆ ಬಂದೊಡನೆ ಮೇಜಿನ ಮೇಲೆ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಇಟ್ಟು ಜಾಗ ಹಿಡಿಯುವವರು. ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗಳ ನಡುವೆ ಅವರಿಗೆ ಕವಿಗೋಷ್ಠಿಗೆ ಸಮಯವಿಲ್ಲ. ಮೈಕಿನ ಸದ್ದು ಅವರ ಶತ್ರು. ಸಂಘಟಕರಿಗೂ ಈ ಯುವಜನರಿಗೂ ವಾಗ್ವಾದವಾದಾಗ ರಾಜಿ ಮಾಡಿಸುವುದು ಕಾಯಂ ಸಭಿಕರ ಪಾಲಿಗೆ ಬರುತ್ತದೆ: ಮೈಕಿನ ಸದ್ದು ಅರ್ಧಕ್ಕೆ ಇಳಿಯಬೇಕು, ಹುಡುಗರು ಉದ್ಘಾಟನೆಗಷ್ಟೇ ಬಂದು ಕೂರಬೇಕು, ಚಹಾ ಇಬ್ಬರಿಗೂ. ಫೋಟೊ ತೆಗೆಯುವ ಹೊತ್ತಿಗೆ ಸಭೆ ತುಂಬಿರುವುದು ಈ ಒಪ್ಪಂದದಿಂದ. ಗವಾನನ ಇಸವಿ ಪ್ರಶ್ನೆಪತ್ರಿಕೆಯಲ್ಲಿ ಬರಬಹುದೆಂದು ಯಾರೋ ಹೇಳಿದ ಮೇಲೆ ಕೆಲವರು ಉಪನ್ಯಾಸಕ್ಕೂ ನಿಲ್ಲುತ್ತಿದ್ದಾರೆ.

ಕಾಯಂ ಸಭಿಕರ ಮುಂದಿನ ಪೀಳಿಗೆ ಇವರಿಂದಲೇ ಬರಬೇಕು. ಆದರೆ ಅದಕ್ಕೆ ಕಾಲ ಹಿಡಿಯುತ್ತದೆ. ಪರೀಕ್ಷೆ ಪಾಸಾಗಬೇಕು, ದೂರದ ಊರಿಗೆ ನೇಮಕವಾಗಬೇಕು, ಮೂವತ್ತು ಚಿಲ್ಲರೆ ವರ್ಷ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಅಲ್ಲಾಡದೆ ಕೂರುವ ತರಬೇತಿ ಪಡೆಯಬೇಕು, ಅರುವತ್ತಕ್ಕೆ ನಿವೃತ್ತರಾಗಿ ಊರಿಗೆ ಮರಳಬೇಕು. ಅಲ್ಲಿಯವರೆಗೆ ಈಗಿರುವವರೇ ಕಾರ್ಯಕ್ರಮಗಳನ್ನು ನಡೆಸಿಕೊಡುತ್ತಾರೆ.