ಸಕುಟುಂಬ ಸಪರಿವಾರ ಸಮೇತ

80 ಮೆಗಾಬೈಟಿನ ಒಂದು ಡಿಸ್ಕು, ಅದಕ್ಕೆ 14 ಮಂದಿ ಪಾಲುದಾರರು. 1990ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರ ಸ್ಥಿತಿ ಇದು. ಡಿಸ್ಕು ತುಂಬಿಹೋಗಿತ್ತು. ತುಂಬಿಸಿದವರು ಯಾರು ಎಂದು ಕೇಳಿದರೆ ಇಂಥ ಕಡೆ ಏನು ಉತ್ತರ ಬರುತ್ತದೆ ಎಂಬುದು ಕೂಡಿ ಬಾಳಿದವರಿಗೆಲ್ಲ ಗೊತ್ತು: ನಾನಂತೂ ಅಲ್ಲ. ಅಲ್ಲಿದ್ದ ಪ್ರೊಫೆಸರ್ ಬೆನ್ ಶ್ನೈಡರ್‌ಮನ್ ಚಿತ್ರ ಬರೆಯುವ ದಾರಿ ಹಿಡಿದರು. ಇಡೀ ಡಿಸ್ಕು ಒಂದು ಆಯತ. ಅದರೊಳಗೆ ಪ್ರತಿ ಫೋಲ್ಡರಿಗೂ ಅದು ತಿಂದ ಜಾಗಕ್ಕೆ ತಕ್ಕ ಆಯತ, ಮತ್ತೆ ಅದರೊಳಗೆ ಫೈಲುಗಳ ಆಯತಗಳು. ಟ್ರೀಮ್ಯಾಪ್ ಹುಟ್ಟಿದ್ದು ಹೀಗೆ. ಚಿತ್ರಕ್ಕೆ ದಾಕ್ಷಿಣ್ಯವಿಲ್ಲ.

ಈಗ 80 ಮೆಗಾಬೈಟಿಗಾಗಿ ಯಾರೂ ಮುಖ ಸಿಂಡರಿಸುವುದಿಲ್ಲ. ತಕರಾರು ವೆಬ್ ಪುಟಗಳಿಗೆ ವರ್ಗವಾಗಿದೆ. ಮೊಬೈಲಿನಲ್ಲಿ ಏನೋ ತೆರೆದು, ಬಿಳಿ ಪರದೆಯ ಮೇಲೆ ಚಕ್ರ ತಿರುಗುವುದನ್ನೇ ನೋಡುತ್ತ ಕೂರುತ್ತೇವಲ್ಲ, ಎಷ್ಟೋ ಸಲ ಆಗ ಇಳಿಯುತ್ತಿರುವುದು ಜಾವಾಸ್ಕ್ರಿಪ್ಟ್ ಬಂಡಲ್. ಸೈಟು ಕಟ್ಟುವವರು ತಾವೇ ಬರೆದ ಕೋಡು, ಎನ್‌ಪಿಎಂ ಎಂಬ ಕೋಡು ಭಂಡಾರದಿಂದ ತಂದುಕೊಂಡ ಪ್ಯಾಕೇಜುಗಳು, ಎಲ್ಲವನ್ನೂ ವೆಬ್‌ಪ್ಯಾಕ್‌ನಂಥ ಸಾಧನ ಸೇರಿಸಿ ಕಟ್ಟಿಕೊಡುತ್ತದೆ. ಕರೆದದ್ದು ಒಂದೇ ಪ್ಯಾಕೇಜು. ಅದು ಬರುವುದು ಮಾತ್ರ ಲಗ್ನಪತ್ರಿಕೆಯಲ್ಲಿ ಅಚ್ಚಾದಂತೆ, ಸಕುಟುಂಬ ಸಪರಿವಾರ ಸಮೇತ. ಸಂಖ್ಯೆಯೊಂದು ಸಮವೇ ಎಂದು ಹೇಳುವ 'ಈಸ್-ಈವನ್' ಎಂಬ ಪ್ಯಾಕೇಜಿದೆ. ಅದು ತಾನಾಗಿ ಹೇಳುವುದಿಲ್ಲ, ಬೆಸವೇ ಎಂದು 'ಈಸ್-ಆಡ್'ನ್ನು ಕೇಳಿ, ಬಂದ ಉತ್ತರವನ್ನು ತಿರುಗಿಸಿ ಕೊಡುತ್ತದೆ. 'ಈಸ್-ಆಡ್'ಗೂ ಅನುಮಾನ, ಇದು ಸಂಖ್ಯೆ ಹೌದೇ ಎಂದು ಅದು 'ಈಸ್-ನಂಬರ್'ನ್ನು ವಿಚಾರಿಸುತ್ತದೆ. ನಾಲ್ಕು ಸಮವೆಂದು ತೀರ್ಮಾನವಾಗುವಷ್ಟರಲ್ಲಿ ಒಂದು ಸಮಿತಿಯೇ ಸೇರಿರುತ್ತದೆ.

ಈ ಜನಸಂದಣಿಯನ್ನು ಕಣ್ಣಿಗೆ ಕಾಣಿಸಲು ವೆಬ್‌ಪ್ಯಾಕ್ ಬಂಡಲ್ ಅನಲೈಜರ್ ಇದೆ. ನಡೆಸಿದರೆ ಬ್ರೌಸರಿನಲ್ಲಿ ಬಣ್ಣಬಣ್ಣದ ಚೌಕಗಳ ಒಂದು ನಕ್ಷೆ ತೆರೆದುಕೊಳ್ಳುತ್ತದೆ, ಅದೇ ಮೇರಿಲ್ಯಾಂಡಿನ ಟ್ರೀಮ್ಯಾಪ್. ನೋಡಿದವರು ಮೊದಲು ಹುಡುಕುವುದು ತಮ್ಮ ಕೋಡನ್ನು. ಅದು ಎಲ್ಲೋ ಮೂಲೆಯಲ್ಲಿ ಮುದುಡಿಕೊಂಡಿರುತ್ತದೆ. ಪ್ರತಿ ಚೌಕಕ್ಕೂ ಮೂರು ತೂಕ: ಮೂಲದ್ದು, ಕತ್ತರಿಸಿ ಕಿರಿದಾಗಿಸಿದ್ದು, ಜಿಜಿಪ್‌ನಲ್ಲಿ ಹಿಂಡಿದ್ದು. ಮೀಟಿಂಗಿನಲ್ಲಿ ಹೇಳುವುದು ಮೂರನೆಯದನ್ನು, ಏಕೆಂದರೆ ಅದೇ ಕಡಿಮೆ. ಆದರೆ ಹಿಂಡಿದ್ದು ಉಳಿಸುವುದು ಡೇಟಾವನ್ನಷ್ಟೇ. ಫೋನಿಗೆ ಬಂದ ಮೇಲೆ ಬಿಚ್ಚಿ, ಓದಿ, ನಡೆಸಬೇಕಾದದ್ದು ಎರಡನೆಯದು. ಅಗ್ಗದ ಫೋನು ಬಿಸಿಯಾಗುವುದು ಅದರಿಂದ. ಕೇಳಬೇಕಾದ ಅಂಕಿ ಅದು ಎಂಬುದು ನನ್ನ ಪಕ್ಷ.

ನಕ್ಷೆ ನೋಡಿ ಸಿಕ್ಕಿಬಿದ್ದವರ ಪೈಕಿ ಹೆಸರುವಾಸಿಯಾದದ್ದು ಮೊಮೆಂಟ್ ಜೆಎಸ್, ದಿನಾಂಕ ಬರೆದುಕೊಡುವ ಲೈಬ್ರರಿ. ಅದರ ಹೊಟ್ಟೆಯಲ್ಲಿ ನೂರಕ್ಕೂ ಹೆಚ್ಚು ಭಾಷೆಗಳ ತಿಂಗಳು ವಾರಗಳಿದ್ದವು. ಯಾವ ಭಾಷೆ ಬೇಕೆಂದು ಅದು ತೀರ್ಮಾನಿಸುವುದು ಪುಟ ಓಡುವಾಗ. ಕಟ್ಟುವ ಹೊತ್ತಿಗೆ ವೆಬ್‌ಪ್ಯಾಕ್‌ಗೆ ಅದು ತಿಳಿಯುವಂತಿಲ್ಲ. ಯಾವುದಕ್ಕೂ ಇರಲಿ ಎಂದು ಎಲ್ಲವನ್ನೂ ತುಂಬಿತು. ಹಾಗಾಗಿ ಎಲ್ಲೋ ಹೆಲ್ಸಿಂಕಿಯಲ್ಲಿ ಚಪ್ಪಲಿ ಮಾರುವ ಸೈಟು ಮೊಮೆಂಟ್ ಬಳಸಿದ್ದರೆ ಅದು ನಮ್ಮ ಜನವರಿ ಫೆಬ್ರವರಿ, ಭಾನುವಾರ ಸೋಮವಾರಗಳನ್ನು ಕನ್ನಡ ಲಿಪಿಯಲ್ಲೇ, ಅಂಕಿಗಳ ಸಮೇತ, ಹೊತ್ತು ತಿರುಗುತ್ತಿತ್ತು. ಪಕ್ಕದಲ್ಲಿ ಸ್ಟಾರ್ ಟ್ರೆಕ್ಕಿನವರ ಕ್ಲಿಂಗನ್ ಭಾಷೆಯೂ ಇತ್ತೆನ್ನಿ. ಯಾವ ಪರಿಷತ್ತೂ ಮಾಡದ ಪ್ರಚಾರ. ನೋಡಿದವರು ಮಾತ್ರ ಯಾರೂ ಇಲ್ಲ.

ಆಮೇಲೆ ತೂಕ ಇಳಿಸುವವರು ಬಂದರು. ಭಾಷೆಗಳನ್ನು ಹೊರಗಿಡುವ ಎರಡು ಸಾಲಿನ ಮಂತ್ರ ಕೈಯಿಂದ ಕೈಗೆ ಹರಡಿತು. ಬೆಂಗಳೂರಿನಲ್ಲೇ ಕೂತು ಬೆಂಗಳೂರಿನವರಿಗಾಗಿ ಸೈಟು ಕಟ್ಟುವವರ ಬಂಡಲಿಗೂ ಆ ಮಂತ್ರ ಬಿದ್ದಾಗ ಹೊರಗೆ ಹೋದವರಲ್ಲಿ ಕ್ಲಿಂಗನ್ನೂ ಕನ್ನಡವೂ ಜೊತೆಜೊತೆ. ತಾಂತ್ರಿಕವಾಗಿ ತಪ್ಪಿಲ್ಲ, ಬಳಸದ್ದನ್ನು ಹೊರುವುದು ಯಾಕೆ? ನಕ್ಷೆ ಜಾಗವನ್ನಷ್ಟೇ ಅಳೆಯುತ್ತದೆ. ಆ ಚೌಕ ಯಾರಿಗೆ ಬೇಕಾಗಬಹುದಿತ್ತು ಎಂಬುದಕ್ಕೆ ಅದರಲ್ಲಿ ಬಣ್ಣವಿಲ್ಲ. ಕ್ರೋಮಿನ ಕವರೇಜ್ ಪಟ್ಟಿ ಓಡದ ಕೋಡನ್ನು ಕೆಂಪಾಗಿ ತೋರಿಸುತ್ತದೆ, ನಿಜ. ಆದರೆ ದುಡ್ಡು ಕಟ್ಟುವುದು ವಿಫಲವಾದಾಗ ಏನು ಮಾಡಬೇಕೆಂಬ ಕೋಡೂ ಬಹುಪಾಲು ದಿನ ಕೆಂಪಾಗಿಯೇ ಇರುತ್ತದೆ.

2020ರಲ್ಲಿ ಮೊಮೆಂಟ್ ನೋಡಿಕೊಳ್ಳುವವರೇ ಹೊಸ ಕೆಲಸಕ್ಕೆ ಬೇರೆ ಏನಾದರೂ ನೋಡಿಕೊಳ್ಳಿ ಎಂದು ಕೈಮುಗಿದರು. ಅಷ್ಟರಲ್ಲಿ ತಿಂಗಳ ಹೆಸರುಗಳು ಬ್ರೌಸರಿನೊಳಗೇ ಬಂದು ಕೂತಿದ್ದವು. 'ಇಂಟ್ಲ್' ಎಂಬ ಸೌಕರ್ಯಕ್ಕೆ 'ಕೆಎನ್-ಐಎನ್' ಎಂದು ಹೇಳಿದರೆ ಸಾಕು, ದಿನಾಂಕ ಕನ್ನಡದಲ್ಲಿ ಬರುತ್ತದೆ. ಕನ್ನಡ ಅಂಕಿ ಬೇಕೆಂದರೂ ಕೊಡುತ್ತದೆ. ಅದಕ್ಕಾಗಿ ಬಂಡಲಿಗೆ ಏನನ್ನೂ ತುಂಬಬೇಕಿಲ್ಲ, ನಕ್ಷೆಯಲ್ಲಿ ಚೌಕವೂ ಏಳುವುದಿಲ್ಲ. ಸೈಟು ಕಟ್ಟುವ ಮಹಾನುಭಾವರೇ, ಭಾರವಾಗುತ್ತದೆ ಎಂಬ ನೆಪ ಇನ್ನು ನಡೆಯುವುದಿಲ್ಲ. ಒಮ್ಮೆ ಕೇಳಿ ನೋಡಿ.