ಬೇರೆ ಕಡೆಗೂ ಅರ್ಜಿ ಹಾಕಿದ್ದೀಯಾ?

"ಮೇಷ್ಟ್ರೇ, ಒಂದ್ ಮಾತು ಕೇಳ್ಬೇಕಿತ್ತು" ಎಂದು ಬೇಲಿಯಾಚೆಯಿಂದ ಪಕ್ಕದ ಮನೆಯವ್ವ ಕರೆದರು. ಮಗಳು ಬಿ.ಕಾಂ. ಮುಗಿಸಿ ಎಂಬಿಎ ಸೇರುವ ತಯಾರಿಯಲ್ಲಿದ್ದಾಳೆ. ಪಿಜಿಸಿಇಟಿ ಬರೆದಿದ್ದಾಳೆ, ಮೈಸೂರಿನ ಒಂದು ಖಾಸಗಿ ಕಾಲೇಜಿಗೂ ಬೆಂಗಳೂರಿನ ಇನ್ನೊಂದಕ್ಕೂ ಅರ್ಜಿ ಹಾಕಿದ್ದಾಳೆ. "ಇಂಟರ್‌ವ್ಯೂನಲ್ಲಿ ಬ್ಯಾರೆ ಎಲ್ಲೆಲ್ಲಿ ಹಾಕಿದ್ದೀಯೆ ಅಂತ ಕೇಳುದ್ರೆ ಎಲ್ಲೂ ಇಲ್ಲ, ನಿಮ್ಮಲ್ಲಿ ಮಾತ್ರ ಅನ್ನು ಅಂತ ಏಳ್ಕೊಟ್ಟಿವ್ನಿ. ಸರಿ ತಾನೆ?"

ಬೇಡವ್ವ, ಅದೊಂದು ಸುಳ್ಳು ಬೇಡ ಎಂದೆ.

ನಮ್ಮ ಗುಂಡ್ಲುಪೇಟೆಯ ರೈತ ಅರಿಶಿನವನ್ನು ಈರೋಡಿಗೂ ಒಯ್ಯುತ್ತಾನೆಂದು ಇಲ್ಲಿನ ವ್ಯಾಪಾರಿಗೆ ಗೊತ್ತು. ಅದಕ್ಕಾಗಿ ಅವನು ಮುನಿಸಿಕೊಂಡದ್ದುಂಟೆ? ಹುಡುಗರು ನಾಲ್ಕು ಕಡೆ ಅರ್ಜಿ ಹಾಕುತ್ತಾರೆಂದು ಕಾಲೇಜಿನವರಿಗೂ ಹಾಗೇ ಗೊತ್ತಿದೆ. ಐಐಎಂಗಳಿಗೆಲ್ಲ ಕ್ಯಾಟ್ ಒಂದೇ ಪರೀಕ್ಷೆ. ಯಾವ ಯಾವ ಐಐಎಂ ಬೇಕೆಂದು ಆ ಅರ್ಜಿಯಲ್ಲೇ ಗುರುತು ಹಾಕಬೇಕು. ಹೊಸ ಐಐಎಂಗಳಲ್ಲಿ ಹಲವು ಸೇರಿಕೊಂಡು ಒಂದೇ ಸಂದರ್ಶನ ನಡೆಸುತ್ತವೆ. ಪಿಜಿಸಿಇಟಿ ನಡೆಸುವ ನಮ್ಮ ಕೆಇಎ ಅಂತೂ ಕಾಲೇಜುಗಳ ಪಟ್ಟಿಯನ್ನೇ ಇಷ್ಟದ ಕ್ರಮದಲ್ಲಿ ಕೊಡು ಅನ್ನುತ್ತದೆ. ಸೀಟು ಸಿಕ್ಕ ಮೇಲೂ ಇದೇ ಸಾಕೋ, ಇದನ್ನು ಹಿಡಿದುಕೊಂಡು ಇನ್ನೂ ಮೇಲಿನದಕ್ಕೆ ಕಾಯುತ್ತೀಯೋ, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುತ್ತೀಯೋ, ಪೂರ್ತಿ ಹೊರಗುಳಿಯುತ್ತೀಯೋ ಎಂದು ನಾಲ್ಕು ಆಯ್ಕೆ ಮುಂದಿಡುತ್ತದೆ. ಸರ್ಕಾರವೇ ಒಪ್ಪಿಕೊಂಡ ದಾರಿಯಲ್ಲಿ ನಡೆದವಳು ಸಂದರ್ಶನದ ಕೋಣೆಯಲ್ಲಿ ಯಾಕೆ ತಲೆ ತಗ್ಗಿಸಬೇಕು?

"ಅಂಗಂದ್ರೆ ಸೀಟು ಕೊಡ್ದೆ ಓದ್ರೆ?"

ಆ ಭಯ ನನಗೆ ಅರ್ಥವಾಗುತ್ತದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಬಹಳ. ಚಾಮರಾಜನಗರದಿಂದಾಗಲಿ ಇಲ್ಲಿಂದಾಗಲಿ ಮೈಸೂರು ಸುಮಾರು 60 ಕಿ.ಮೀ. ಅಷ್ಟು ದೂರ ಹೋಗಿ, ಎದುರಿಗೆ ಕೂತವರ ಮನಸ್ಸು ನೋಯಬಾರದೆಂದು ಈ ಮಕ್ಕಳು ಸುಳ್ಳು ಹೇಳುತ್ತವೆ. ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತವೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಕೇಳುವವರಿಗೆ ಬೇಕಾದದ್ದು ಕಾಲೇಜುಗಳ ಹೆಸರಲ್ಲ. ಇವಳಿಗೆ ಏನು ಕಲಿಯಬೇಕೆಂಬುದು ತಿಳಿದಿದೆಯೇ ಎಂದು ನೋಡುತ್ತಾರೆ. ಒಂದು ಕಡೆ ಹಣಕಾಸು, ಇನ್ನೊಂದು ಕಡೆ ಆಸ್ಪತ್ರೆ ಆಡಳಿತ, ಮತ್ತೊಂದು ಕಡೆ ಇನ್ನೇನೋ ಎಂದು ಹಾಕಿದ್ದರೆ ತಡವರಿಸಬೇಕಾಗುತ್ತದೆ. ನಿಮ್ಮ ಮಗಳಿಗೆ ಮೂರು ಕಡೆಯೂ ಬೇಕಾದದ್ದು ಮಾರ್ಕೆಟಿಂಗ್. ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ಇಲ್ಲಿ ಚೆಂಡು ಹೂವು ಬೆಳೆಯುವುದನ್ನು ಕಂಡು ಬೆಳೆದವಳು. ಬೆಳೆ ಮಾರುವ ಲೆಕ್ಕವನ್ನು ರೈತನ ಕಡೆಯಿಂದ ಕಲಿಯಬೇಕೆಂಬುದು ಅವಳ ಆಸೆ. ಅದನ್ನೇ ಹೇಳಲಿ, ಮೂರು ಅರ್ಜಿಯೂ ಒಂದೇ ದಾರಿಯಲ್ಲಿ ನಿಲ್ಲುತ್ತವೆ. ಕೇಳದಿದ್ದರೆ ಬೇರೆ ಅರ್ಜಿಗಳ ಮಾತನ್ನು ತಾನಾಗಿ ಎತ್ತುವುದು ಬೇಡ. ಕೇಳಿದರೆ ಎರಡು ಮಾತು ಸಾಕು. ಅಲ್ಲಿ ಆಗಲೇ ಸೀಟು ಸಿಕ್ಕಿದೆ ಎಂದು ಮೆರೆಯುವುದೂ ಬೇಡ, ಇನ್ನೊಂದು ಕಾಲೇಜನ್ನು ಹಳಿಯುವುದೂ ಬೇಡ.

"ಮೊದ್ಲು ಯಾವ್ದು ಬೇಕು ಅಂತ ಕೇಳುದ್ರೆ?"

ಶುಲ್ಕದ ಮಾತು ಮುಚ್ಚಿಡಬೇಕಾಗಿಲ್ಲ. ಸರ್ಕಾರಿ ಕೋಟಾದ ಸೀಟಿಗೂ ಕಾಯುತ್ತಿದ್ದೇನೆ, ಮನೆಯ ಶಕ್ತಿ ಇಷ್ಟು, ನಿಮ್ಮಲ್ಲಿ ನನಗೆ ಹಿಡಿಸಿದ್ದು ಇದು ಎಂದು ಹೇಳಲಿ. ಆ ಕೊನೆಯ ಮಾತಿಗೆ ಮಾತ್ರ ಆ ಕಾಲೇಜಿನ ಪಾಠಪಟ್ಟಿಯನ್ನು ನಿಜವಾಗಿ ಓದಿಕೊಂಡು ಹೋಗಿರಬೇಕು.

ನನ್ನನ್ನು ಹೆಚ್ಚು ಕಾಡುವುದು ಸಂದರ್ಶನ ಮುಗಿದ ಮೇಲಿನ ಗಳಿಗೆ. ಹುಡುಗಿ ಬೇರೆ ಕಡೆ ಹೋಗದಂತೆ ಅವತ್ತೇ ಪೂರ್ತಿ ಶುಲ್ಕ ಕಟ್ಟಿಸಿಕೊಂಡು, ಅಂಕಪಟ್ಟಿಯ ಒರಿಜಿನಲ್ಲನ್ನೂ ಇಟ್ಟುಕೊಳ್ಳುವವರಿದ್ದಾರೆ. ಇದು ಅನ್ಯಾಯ. ತರಗತಿ ಶುರುವಾಗುವ ಮೊದಲೇ ಸೀಟು ಬಿಟ್ಟರೆ 1,000 ರೂಪಾಯಿಗಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ ಎಂಬುದು ಇಂಥ ಕಾಲೇಜುಗಳಿಗೆ ಮಾನ್ಯತೆ ಕೊಡುವ ಎಐಸಿಟಿಇಯ ನಿಯಮ. ಒರಿಜಿನಲ್ ತಡೆಹಿಡಿಯಬಾರದು ಎಂದೂ ಅದರಲ್ಲಿದೆ. ಅಲ್ಲಿ ಈ ಮಾತನ್ನು ಅವಳೊಬ್ಬಳೇ ಆಡುವುದು ಕಷ್ಟ.

"ಅಂಗಾರೆ ಅವತ್ತು ನೀವೂ ಬರ್ತೀರಾ ಮೇಷ್ಟ್ರೇ?"

ಬರ್ತೀನಿ ಕಣವ್ವ, ಬೆಳಗಿನ ಬಸ್ಸಿಗೇ ಹೊರಡೋಣ ಎಂದೆ. ಒರಿಜಿನಲ್ ತೋರಿಸಿ ವಾಪಸ್ ತರೋಣ, ಕಟ್ಟಿದ ದುಡ್ಡಿಗೆ ರಸೀದಿ ಪಡೆಯೋಣ.